ಯೂರಿಯಾ ಜೊತೆ ಲಿಂಕ್, ಭದ್ರತೆ ಜೊತೆ ವಿಂಡೋಸ್ 11: ಈ ಬಲವಂತಕ್ಕೆ ನಾವು ಯಾಕೆ ಹೂಂ ಅನ್ನಬೇಕು?

"ಅಣ್ಣಾ, ಈ ಡಬ್ಬಿ ದಿನಾ ಬರ್ತದ್ರೀ. ಒತ್ತಬೇಕೋ ಬ್ಯಾಡೋ, ಒಂದ್ ಮಾತು ಹೇಳಿಬಿಡ್ರಿ."

ಸಿಂಧನೂರಿನ ಆನ್‌ಲೈನ್ ಸೆಂಟರ್‌ನಲ್ಲಿ ಇದನ್ನು ಕೇಳಿದರು. ಮಸ್ಕಿಯ ಡಿಟಿಪಿ ಅಂಗಡಿಯಲ್ಲೂ ಇದನ್ನೇ ಕೇಳಿದರು. ಲಿಂಗಸುಗೂರಿನಲ್ಲಿ ಹಳೇ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ ಡಿಗ್ರಿ ಹುಡುಗಿಯ ಪ್ರಶ್ನೆಯೂ ಇದೇ. ಪತ್ರಿಕೋದ್ಯಮ ಓದಿದವರಿಗೆ ಕಂಪ್ಯೂಟರೂ ಬರುತ್ತದೆ, ವಕೀಲಿಯೂ ಬರುತ್ತದೆ, ಬೆಳೆ ಪರಿಹಾರ ಯಾವಾಗ ಬೀಳುತ್ತದೆ ಅನ್ನೋದೂ ಗೊತ್ತಿರುತ್ತದೆ ಅಂತ ನಮ್ಮ ಕಡೆ ಒಂದು ನಂಬಿಕೆ ಇದೆ. ಉಳಿದೆರಡಕ್ಕೆ ನಮ್ಮಲ್ಲಿ ಉತ್ತರವಿಲ್ಲ. ಈ ಡಬ್ಬಿಯ ವಿಷಯಕ್ಕೆ ಇದೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ, ಫೋನಿನಲ್ಲಿ ಓದುವವರು ಕೊನೆ ಮುಟ್ಟುವ ಹೊತ್ತಿಗೆ ಚಾರ್ಜ್ ಮುಗಿದಿರುತ್ತದೆ. ಭದ್ರತೆಯ ಪ್ಯಾಚ್ ಬಂದರೆ ಬಿಡಬೇಡಿ, ಹಾಕಿಕೊಳ್ಳಿ. ವಿಂಡೋಸ್ 11ಕ್ಕೆ ಮಾತ್ರ ಕಂಪನಿ ಕರೆದಾಗ ಹೋಗಬೇಡಿ, ನಿಮಗೆ ಬಿಡುವಾದಾಗ ಹೋಗಿ. ನಿಮ್ಮ ಮಷಿನ್‌ಗೆ ಅದು ಒಗ್ಗುವುದಿಲ್ಲ ಅಂದರೆ ಹೋಗಲೇಬೇಡಿ. ಈ ಎರಡು ಬೇರೆ ಬೇರೆ ಸಾಮಾನನ್ನು ಒಂದೇ ಗಂಟು ಕಟ್ಟಿ ನಮ್ಮ ತಲೆ ಮೇಲೆ ಹೊರಿಸುತ್ತಿರುವುದಕ್ಕೇ ನಮ್ಮ ತಕರಾರು.

ನಮ್ಮ ರೈತರಿಗೆ ಇದು ಹೊಸದೇನಲ್ಲ. ಭತ್ತ ನಾಟಿ ಮುಗಿದು ಯೂರಿಯಾ ಹಾಕಬೇಕಾದ ಹೊತ್ತಿಗೆ ಅಂಗಡಿಗೆ ಹೋದರೆ ಏನಾಗುತ್ತದೆ? "ಯೂರಿಯಾ ಐತ್ರೀ, ಆದ್ರ ಲಿಂಕ್ ತಗೋಬೇಕು" ಅನ್ನುತ್ತಾರೆ. ಬೇಡದ ಒಂದು ಡಬ್ಬಿ ಔಷಧಿ, ಇಲ್ಲವೇ ಯಾವುದೋ ಪುಡಿಯ ಪ್ಯಾಕೆಟ್ಟು. ಯೂರಿಯಾ ಬೆಳೆಗೆ ಬೇಕೇ ಬೇಕು, ಅದಕ್ಕೇ ಲಿಂಕ್ ಮಾರಾಟವಾಗುತ್ತದೆ. ಕಂಪ್ಯೂಟರಿಗೆ ಭದ್ರತೆಯ ಪ್ಯಾಚ್ ಅಂದರೆ ಯೂರಿಯಾ ಇದ್ದ ಹಾಗೆ. ವಿಂಡೋಸ್ 11 ಅದರ ಜೊತೆಗೆ ಬಂದ ಲಿಂಕ್. ಲಿಂಕ್‌ನಲ್ಲಿ ಬಂದ ಡಬ್ಬಿ ವಿಷವೇನೂ ಇರಲಿಕ್ಕಿಲ್ಲ, ಕೆಲವರಿಗೆ ಉಪಯೋಗವೂ ಆದೀತು. ಆದರೆ ಬೇಕೋ ಬೇಡವೋ ಹೇಳುವ ಹಕ್ಕು ದುಡ್ಡು ಕೊಡುವವನದು.

ಈಗ ಆಗಿರುವುದೇನು ನೋಡೋಣ. ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10 ಅನ್ನು 2015ರ ಜುಲೈ 29ಕ್ಕೆ ಬಿಟ್ಟಿತು. 2025ರ ಅಕ್ಟೋಬರ್ 14ಕ್ಕೆ ಅದರ ಉಚಿತ ಬೆಂಬಲ ನಿಲ್ಲಿಸಿತು. ಬೆಂಬಲ ನಿಂತಿತು ಅಂದರೆ ಕಂಪ್ಯೂಟರ್ ನಿಂತಿತು ಅಂತಲ್ಲ. ಇದನ್ನು ಗಟ್ಟಿಯಾಗಿ ಹೇಳಬೇಕಾಗಿದೆ, ಯಾಕೆಂದರೆ "ಅಕ್ಟೋಬರ್ ಆದಮ್ಯಾಲ ನಿಮ್ಮ ಸಿಸ್ಟಮ್ ಆನ್ ಆಗಂಗಿಲ್ಲ, ಪಹಣಿ ಬರಂಗಿಲ್ಲ" ಅಂತ ಹೇಳಿ ಹೊಸ ಕಂಪ್ಯೂಟರ್ ಮಾರಿದವರನ್ನು ನಾವು ಕಂಡಿದ್ದೇವೆ. ಸಿಸ್ಟಮ್ ಆನ್ ಆಗುತ್ತದೆ, ಪ್ರಿಂಟೂ ಬರುತ್ತದೆ. ನಿಂತಿರುವುದು ಒಂದೇ: ವಿಂಡೋಸ್ 10ರಲ್ಲಿ ಹೊಸದಾಗಿ ಒಂದು ತೂತು ಸಿಕ್ಕರೆ ಅದನ್ನು ಮುಚ್ಚುವ ತೇಪೆ ಎಲ್ಲರಿಗೂ ತಾನಾಗಿ ಬರುವುದಿಲ್ಲ. ಒಂದು ವಾರಕ್ಕೆ ಇದರಿಂದ ಏನೂ ಆಗಲಿಕ್ಕಿಲ್ಲ. ಒಂದೆರಡು ವರ್ಷ ಹಾಗೇ ಬಿಟ್ಟರೆ, ಜನರ ಆಧಾರ್ ನಂಬರ್, ಬ್ಯಾಂಕ್ ಪಾಸ್‌ಬುಕ್, ಜಾತಿ ಪ್ರಮಾಣಪತ್ರ ಎಲ್ಲ ಸ್ಕ್ಯಾನ್ ಮಾಡಿ ಇಟ್ಟುಕೊಂಡ ಮಷಿನ್ ಬಾಗಿಲಿಗೆ ಚಿಲಕ ಇಲ್ಲದ ಹಾಗೆ.

ಹಾಗಾದರೆ ವಿಂಡೋಸ್ 11 ಹಾಕಿದರೆ ಮುಗಿಯಿತಲ್ಲ, ಪುಕ್ಕಟೆ ಕೊಡ್ತಾರಲ್ಲ ಅನ್ನಬಹುದು. ಪುಕ್ಕಟೆ ಹೌದು, ಎಲ್ಲರಿಗೂ ಅಲ್ಲ. 2021ರ ಅಕ್ಟೋಬರ್ 5ಕ್ಕೆ ಬಂದ ವಿಂಡೋಸ್ 11 ಒಂದಿಷ್ಟು ಷರತ್ತು ಹಾಕಿತು. ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಬೇಕು. ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಸೆಕ್ಯೂರ್ ಬೂಟ್ ಬೇಕು, 4 ಜಿಬಿ ರ್‍ಯಾಮ್, 64 ಜಿಬಿ ಜಾಗ ಬೇಕು. ನಮ್ಮ ಮೂರೂ ತಾಲೂಕುಗಳ ಅಂಗಡಿಗಳಲ್ಲಿ ಕಣ್ಣಾಡಿಸಿ: ಮೇಜಿನ ಕೆಳಗೆ ಇರುವುದು ಬಹಳಷ್ಟು ಬೆಂಗಳೂರು, ಹೈದರಾಬಾದಿನ ಆಫೀಸುಗಳು ಬಳಸಿ ಬಿಟ್ಟ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್. 3ನೇ, 4ನೇ ತಲೆಮಾರಿನ ಐ3, ಐ5. ಕೆಲಸ ಮಾತ್ರ ಗಾಣದ ಎತ್ತಿನ ಹಾಗೆ ಮಾಡುತ್ತವೆ.

ನಿಮ್ಮದು ಯಾವ ತಲೆಮಾರು ಅಂತ ನೋಡುವುದು ಸುಲಭ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಅಬೌಟ್. ಅಲ್ಲಿ ಐ5-4590 ಅಂತ ಇದ್ದರೆ ಗೆರೆ ಆದ ಮೇಲಿನ ಮೊದಲ ಅಂಕಿ 4, ಅಂದರೆ 4ನೇ ತಲೆಮಾರು. ಐ5-8500 ಇದ್ದರೆ 8ನೇದು. ಐ3-10100 ಇದ್ದರೆ 10ನೇದು. ಇದಕ್ಕೆ ಯಾರಿಗೂ ಇನ್ನೂರು ರೂಪಾಯಿ ಚೆಕಿಂಗ್ ಚಾರ್ಜ್ ಕೊಡಬೇಕಾಗಿಲ್ಲ.

ಕೆನಾಲಿಸ್ ಅನ್ನುವ ಮಾರುಕಟ್ಟೆ ಅಧ್ಯಯನ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಒಂದು ಅಂದಾಜು ಕೊಟ್ಟಿತ್ತು. ವಿಂಡೋಸ್ 10ರ ಬೆಂಬಲ ನಿಲ್ಲುವುದರಿಂದ ಜಗತ್ತಿನಲ್ಲಿ ಸುಮಾರು 24 ಕೋಟಿ ಕಂಪ್ಯೂಟರ್‌ಗಳು ಗುಜರಿಗೆ ಬೀಳಬಹುದು ಅಂತ. ಕೆಟ್ಟು ಬಿದ್ದವಲ್ಲ, ನಡೆಯುತ್ತಿರುವವು. ಉಳುವ ಎತ್ತಿಗೆ ಹಲ್ಲು ಎಣಿಸಿ ಕಸಾಯಿಖಾನೆಗೆ ಅಟ್ಟಿದ ಹಾಗಾಯಿತು.

ಕಂಪನಿ ಹೇಳುವ ಕಾರಣವನ್ನೂ ಕೇಳೋಣ. ಟಿಪಿಎಂ ಚಿಪ್ ಇದ್ದರೆ ಪಾಸ್‌ವರ್ಡ್ ಮತ್ತು ಡಿಸ್ಕಿನ ಬೀಗದ ಕೀ ಕದಿಯುವುದು ಕಷ್ಟ. ಇದು ಸುಳ್ಳಲ್ಲ, ಹೊಸ ಕಂಪ್ಯೂಟರ್ ಕೊಳ್ಳುವವರು ಅದು ಇರುವುದನ್ನೇ ಕೊಳ್ಳಲಿ. ಆದರೆ ಚಿಪ್ ಇಲ್ಲದ ಮಷಿನ್‌ಗೆ ತೇಪೆಯನ್ನೂ ಕೊಡುವುದಿಲ್ಲ ಅನ್ನುವುದಕ್ಕೆ ಅದು ಹೇಗೆ ಕಾರಣವಾಗುತ್ತದೆ? ಗಟ್ಟಿ ಬೀಗ ಇಲ್ಲದ ಮನೆಗೇ ಕಾವಲು ಹೆಚ್ಚು ಬೇಕಲ್ಲವೇ?

ಈ ಒತ್ತಾಯದ ಚಾಳಿ ಇವತ್ತಿನದಲ್ಲ. ವಿಂಡೋಸ್ 7 ಇದ್ದ ಕಾಲ ನೆನಪಿದೆಯೇ? 2015-16ರಲ್ಲಿ ಪರದೆಯ ಮೂಲೆಯಲ್ಲಿ ಒಂದು ಬಿಳಿ ಕಿಟಕಿಯ ಗುರುತು ಬಂದು ಕೂತಿತು, "ವಿಂಡೋಸ್ 10 ಪಡೆಯಿರಿ" ಅಂತ. ಅದು ಬಂದದ್ದು ಭದ್ರತೆಯ ತೇಪೆಗಳು ಬರುವ ಅದೇ ಅಪ್‌ಡೇಟ್ ದಾರಿಯಲ್ಲಿ. 2016ರ ಮೇ ತಿಂಗಳ ಹೊತ್ತಿಗೆ ಅದು ಎಲ್ಲಿಗೆ ಮುಟ್ಟಿತು ಅಂದರೆ, ಡಬ್ಬಿಯ ತುದಿಯಲ್ಲಿರುವ ಕೆಂಪು ಗುಣಾಕಾರ ಚಿಹ್ನೆ ಒತ್ತಿ ಮುಚ್ಚಿದರೆ "ಬೇಡ" ಅಂತ ಅರ್ಥವಾಗುತ್ತಿರಲಿಲ್ಲ. ನಿಗದಿ ಮಾಡಿದ ಹೊತ್ತಿಗೆ ಅಪ್‌ಗ್ರೇಡ್ ಆಗಲಿ ಅಂತ ಒಪ್ಪಿದಂತೆ ಲೆಕ್ಕ. ಮನೆ ಬಾಗಿಲು ಮುಚ್ಚಿದರೆ ಒಳಗೆ ಬಾ ಅಂತ ಅರ್ಥ ಮಾಡಿಕೊಂಡ ಬೀಗರ ಹಾಗೆ! ಕ್ಯಾಲಿಫೋರ್ನಿಯಾದಲ್ಲಿ ಟ್ರಾವೆಲ್ ಏಜೆನ್ಸಿ ನಡೆಸುತ್ತಿದ್ದ ಒಬ್ಬ ಮಹಿಳೆ, ತಾನು ಒಪ್ಪದೆಯೇ ಅಪ್‌ಗ್ರೇಡ್ ಆಗಿ ಕಂಪ್ಯೂಟರ್ ಕೆಟ್ಟಿತು, ವ್ಯಾಪಾರ ಹಾಳಾಯಿತು ಅಂತ ಕೋರ್ಟಿಗೆ ಹೋಗಿ 10,000 ಡಾಲರ್ ಪರಿಹಾರ ಗೆದ್ದರು. ಕಂಪನಿ ಮೇಲ್ಮನವಿ ಕೈಬಿಟ್ಟಿತು, ತಪ್ಪು ಮಾತ್ರ ಒಪ್ಪಲಿಲ್ಲ. ಅದೇ ವರ್ಷದ ಕೊನೆಗೆ ಕಂಪನಿಯ ಮಾರ್ಕೆಟಿಂಗ್ ಮುಖ್ಯಸ್ಥರೇ, ಆ ಡಬ್ಬಿಯ ವಿಷಯದಲ್ಲಿ ನಾವು ಅತಿ ಮಾಡಿದೆವು ಅನ್ನುವ ಅರ್ಥದಲ್ಲಿ ಮಾತಾಡಿದರು.

ಅತಿ ಮಾಡಿದ್ದರ ಫಲ ಏನು? ಬೇಸತ್ತ ಜನ ಅಪ್‌ಡೇಟನ್ನೇ ಬಂದ್ ಮಾಡಿಸಿದರು. "ಅಪ್‌ಡೇಟ್ ಆಫ್ ಮಾಡಿ ಕೊಡ್ರಿ" ಅನ್ನುವುದು ನಮ್ಮ ಕಡೆ ಮೆಕ್ಯಾನಿಕ್‌ಗೆ ಹೇಳುವ ಮೊದಲ ಮಾತಾಯಿತು. ಇವತ್ತಿಗೂ ಹಾಗೇ ಇದೆ. ಲಿಂಕ್ ಬೇಡ ಅಂತ ಹೇಳಲು ಹೋಗಿ ಯೂರಿಯಾವನ್ನೂ ಬಿಟ್ಟರು.

ಅದರ ಅಪಾಯ ಏನು ಅಂತ 2017ರ ಮೇ 12ಕ್ಕೆ ಜಗತ್ತು ನೋಡಿತು. ವಾನಾಕ್ರೈ ಅನ್ನುವ ವೈರಸ್ ಫೈಲ್‌ಗಳಿಗೆಲ್ಲ ಬೀಗ ಜಡಿದು, 300 ಡಾಲರ್ ಬಿಟ್‌ಕಾಯಿನ್ ಕೊಟ್ಟರೆ ಬಿಚ್ಚುತ್ತೇನೆ ಅಂದಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ನಮಗೆ ಹತ್ತಿರದ ಸುದ್ದಿ ಕೇರಳದ್ದು. ವಯನಾಡು ಮತ್ತು ಪತ್ತನಂತಿಟ್ಟ ಜಿಲ್ಲೆಗಳಲ್ಲಿ ಗ್ರಾಮ ಪಂಚಾಯಿತಿ ಕಚೇರಿಗಳ ಕಂಪ್ಯೂಟರ್‌ಗಳೇ ಬಲಿಯಾದವು. ಅಮೆರಿಕದ ಬ್ಯಾಂಕ್ ದೋಚುವವರು ನಮ್ಮ ಪಂಚಾಯಿತಿಗೆ ಯಾಕೆ ಬರುತ್ತಾರೆ ಅನ್ನುವವರಿಗೆ ಇದೇ ಉತ್ತರ: ವೈರಸ್ಸಿಗೆ ಊರು ಕೇರಿ ಗೊತ್ತಿಲ್ಲ, ತೂತು ಇದ್ದಲ್ಲಿ ನುಗ್ಗುತ್ತದೆ. ಆ ತೂತಿಗೆ ತೇಪೆ ಬಂದದ್ದು ಮಾರ್ಚ್‌ನಲ್ಲಿ, ದಾಳಿಗೆ ಎರಡು ತಿಂಗಳು ಮೊದಲು. ಸಿಕ್ಕಿಬಿದ್ದವು ಬಹುಪಾಲು ತೇಪೆ ಹಾಕಿಸಿಕೊಳ್ಳದ ವಿಂಡೋಸ್ 7 ಮಷಿನ್‌ಗಳು.

ಅದಕ್ಕೇ ನಮ್ಮ ಸಿಟ್ಟು. ತೇಪೆ ತರುವ ದಾರಿ ಆಸ್ಪತ್ರೆಯ ಆಂಬುಲೆನ್ಸ್ ಬರುವ ದಾರಿಯ ಹಾಗೆ. ಅದರಲ್ಲಿ ಜಾಹೀರಾತಿನ ಗಾಡಿ ಓಡಿಸಿದರೆ ಜನ ದಾರಿಗೇ ಅಡ್ಡಗಟ್ಟುತ್ತಾರೆ. ಕೇರಳದ ಆ ಕಚೇರಿಗಳಲ್ಲಿ ಯಾಕೆ ತೇಪೆ ಹಾಕಿರಲಿಲ್ಲ ಅನ್ನುವುದು ಬೇರೆ ಮಾತು. ನಮ್ಮ ಅಂಗಡಿಗಳಲ್ಲಿ ಯಾಕೆ ಹಾಕುತ್ತಿಲ್ಲ ಅಂತ ಕೇಳಿದರೆ ಹತ್ತರಲ್ಲಿ ಎಂಟು ಮಂದಿಯ ಬಾಯಲ್ಲಿ ಬರುವುದು ಒಂದೇ: "ಹಾಕಿದ್ರ ಎಲ್ಲಾ ಬದಲಾಗಿಬಿಡ್ತದ್ರೀ." ಇಷ್ಟಾದರೂ 2024ರಲ್ಲಿ ಮತ್ತೆ ವಿಂಡೋಸ್ 10 ಇದ್ದವರಿಗೆ ಪರದೆ ತುಂಬಾ ಜಾಹೀರಾತು ಬಂದವು, ಹೊಸ ಕಂಪ್ಯೂಟರ್ ಕೊಳ್ಳಿ ಅಂತ.

ಇದಕ್ಕೆ ನಮ್ಮ ದೇಶದಲ್ಲಿ ಒಂದು ನಿಯಮ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ಕ್ಕೆ "ಡಾರ್ಕ್ ಪ್ಯಾಟರ್ನ್" ತಡೆಯುವ ಮಾರ್ಗಸೂಚಿ ಹೊರಡಿಸಿತು. ಪರದೆಯ ಮೇಲೆ ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ಮೋಸಗಳ ಪಟ್ಟಿ ಅದರಲ್ಲಿದೆ. ಬೇಡ ಅಂದರೂ ಮತ್ತೆ ಮತ್ತೆ ಕೇಳಿ ಪೀಡಿಸುವುದು ಅದರಲ್ಲಿ ಒಂದು. ಸುಳ್ಳು ಅವಸರ ಹುಟ್ಟಿಸುವುದು ಇನ್ನೊಂದು. "ಬೇಡ" ಅನ್ನುವ ಬಟನ್ ಕಾಣದ ಹಾಗೆ ಮರೆಮಾಡುವಂಥ ಆಟವೂ ಪಟ್ಟಿಯಲ್ಲಿದೆ. "ನಂತರ ನೆನಪಿಸು" ಅನ್ನುವುದು ದೊಡ್ಡ ಅಕ್ಷರದಲ್ಲಿದ್ದು, "ಇನ್ನೆಂದೂ ಕೇಳಬೇಡ" ಅನ್ನುವುದು ಇಲ್ಲವೇ ಇಲ್ಲ ಅಂದರೆ ಅದು ಪೀಡಿಸುವುದೇ ಅಂತ ನಾವು ಓದುತ್ತೇವೆ. ಆನ್‌ಲೈನ್ ಅಂಗಡಿಗಳಿಗೆ ಅನ್ವಯಿಸುವ ಕಣ್ಣಿನಲ್ಲೇ ಆಪರೇಟಿಂಗ್ ಸಿಸ್ಟಮ್ ಮಾರುವವರನ್ನೂ ಪ್ರಾಧಿಕಾರ ನೋಡಬೇಕು.

ಕೇಳಿದರೆ ಸಿಗುತ್ತದೆ ಅನ್ನುವುದಕ್ಕೆ ಯುರೋಪ್ ಸಾಕ್ಷಿ. ವಿಂಡೋಸ್ 10 ಇಟ್ಟುಕೊಳ್ಳುವ ಮನೆಬಳಕೆಯವರಿಗೆ ಕಂಪನಿ 2026ರ ಅಕ್ಟೋಬರ್ 13ರ ತನಕ ಹೆಚ್ಚುವರಿ ತೇಪೆ ಕೊಡುವ ಯೋಜನೆ ಮಾಡಿತು. ಇಎಸ್‌ಯು ಅಂತ ಅದರ ಹೆಸರು. ದರ 30 ಡಾಲರ್, ರೂಪಾಯಿಯಲ್ಲಿ ಎರಡೂವರೆ ಸಾವಿರದ ಆಚೀಚೆ. ಇಲ್ಲವೇ ನಿಮ್ಮ ಸೆಟ್ಟಿಂಗ್ಸ್ ಎಲ್ಲ ಕಂಪನಿಯ ಮೋಡದ ಖಾತೆಗೆ ಬ್ಯಾಕಪ್ ಕೊಟ್ಟರೆ ಪುಕ್ಕಟೆ. ಯುರೋಪಿನ ಗ್ರಾಹಕ ಸಂಘಟನೆಗಳು ಇದಕ್ಕೆ ಗಲಾಟೆ ಮಾಡಿದವು. ಅಲ್ಲಿಯವರಿಗೆ ಬ್ಯಾಕಪ್ ಷರತ್ತು ಬಿಟ್ಟು ಪುಕ್ಕಟೆ ಕೊಡುತ್ತೇವೆ ಅಂತ ಕಂಪನಿ ಸೆಪ್ಟೆಂಬರ್‌ನಲ್ಲಿ ಒಪ್ಪಿತು. ಅದೇ ತೇಪೆ, ಅದೇ ವಿಂಡೋಸ್. ಪ್ಯಾರಿಸ್ಸಿನವನಿಗೆ ಒಂದು ರೀತಿ, ಮಸ್ಕಿಯವನಿಗೆ ಒಂದು ರೀತಿ. ತೇಪೆ ತಯಾರಿದೆ, ಕೊಡಲು ಆಗುತ್ತದೆ, ಎಲ್ಲರಿಗೂ ಕೊಡುವ ಮನಸ್ಸಿಲ್ಲ ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಈಗ ನಮ್ಮ ಊರಿನ ಸಮಸ್ಯೆಗೆ ಬರೋಣ, ಬೆಂಗಳೂರಿನ ಟೆಕ್ ಪಂಡಿತರ ವೀಡಿಯೋಗಳಲ್ಲಿ ಇದು ಸಿಗುವುದಿಲ್ಲ.

ಮೊದಲನೆಯದು ನುಡಿ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ನಮ್ಮ ಅಂಗಡಿಗಳು ವರ್ಷಾನುಗಟ್ಟಲೆ ಟೈಪ್ ಮಾಡಿಟ್ಟ ಕರಾರು ಪತ್ರ, ಮದುವೆ ಕಾರ್ಡು, ಸೊಸೈಟಿ ನಡಾವಳಿ, ಜಾತ್ರೆ ಕರಪತ್ರ ಲೆಕ್ಕವಿಲ್ಲ. ಹಳೇ ನುಡಿ ಫೈಲಿನ ಒಳಗೆ ನಿಜವಾಗಿ ಇರುವುದು ಕನ್ನಡ ಅಕ್ಷರವಲ್ಲ. ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ, ಅದಕ್ಕೆ ಕನ್ನಡದ ವೇಷ ತೊಡಿಸುವುದು ನುಡಿ ಫಾಂಟ್. ಫಾಂಟ್ ಇಲ್ಲದ ಮಷಿನ್‌ನಲ್ಲಿ ತೆರೆದರೆ ತಲೆಯ ಮೇಲೆ ಟೊಪ್ಪಿಗೆ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಇರುವ ವಿಂಡೋಸ್ ಮೇಲೆಯೇ ಅಪ್‌ಗ್ರೇಡ್ ಮಾಡಿದರೆ ಫಾಂಟ್ ಸಾಮಾನ್ಯವಾಗಿ ಉಳಿಯುತ್ತದೆ. ಆದರೆ ನಮ್ಮ ಕಡೆ ಅಪ್‌ಗ್ರೇಡ್ ಅಂದರೆ "ಫಾರ್ಮ್ಯಾಟ್ ಹೊಡೆಯೋದು" ಅಂತಲೇ ರೂಢಿ. ಫಾರ್ಮ್ಯಾಟ್ ಹೊಡೆದರೆ ಫಾಂಟೂ ಹೋಯಿತು, ಡೆಸ್ಕ್‌ಟಾಪ್ ಮೇಲೆ ಇಟ್ಟಿದ್ದ ಫೈಲೂ ಹೋಯಿತು.

ಮಸ್ಕಿಯವರಿಗೆ ಇದನ್ನು ಹೇಳುವುದು ಸುಲಭ. ನಮ್ಮೂರ ಬಂಡೆಯ ಮೇಲೆ ಅಶೋಕ ಬರೆಸಿದ ಶಾಸನ ಎರಡು ಸಾವಿರ ವರ್ಷ ದಾಟಿ ಹಾಗೇ ಇತ್ತು, ಒಂದಕ್ಷರ ಅಳಿಸಲು ಯಾವ ಅಪ್‌ಡೇಟೂ ಬರಲಿಲ್ಲ. ಆದರೆ ಬ್ರಾಹ್ಮಿ ಲಿಪಿ ಓದುವ ಕೀಲಿ ಕಳೆದುಹೋಗಿತ್ತು. 1837ರ ಹೊತ್ತಿಗೆ ಜೇಮ್ಸ್ ಪ್ರಿನ್ಸೆಪ್ ಅದನ್ನು ಬಿಡಿಸಿದ್ದರಿಂದಲೇ, 1915ರಲ್ಲಿ ಈ ಬಂಡೆ ಬೆಳಕಿಗೆ ಬಂದಾಗ ಅದರಲ್ಲಿ ಅಶೋಕನ ಹೆಸರೇ ಇದೆ ಅಂತ ಓದಲಾಯಿತು. ನಿಮ್ಮ 2008ರ ನುಡಿ ಫೈಲಿಗೆ ಯಾವ ಪ್ರಿನ್ಸೆಪ್ಪೂ ಬರುವುದಿಲ್ಲ. ಹಾಗಾಗಿ ಮುಖ್ಯವಾದ ಫೈಲ್‌ಗಳನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಸಿ ಇಡಿ, ಜೊತೆಗೆ ಪಿಡಿಎಫ್ ಒಂದು ಪ್ರತಿ. ವಿಂಡೋಸ್ 11 ಹಾಕುತ್ತೀರೋ ಬಿಡುತ್ತೀರೋ, ಇದನ್ನಂತೂ ಮಾಡಿ. ಅಂದಹಾಗೆ, ವಿಂಡೋಸ್‌ನಲ್ಲಿ ಬಹುಕಾಲದಿಂದ ಇದ್ದ ಕನ್ನಡ ಯೂನಿಕೋಡ್ ಫಾಂಟ್ ತುಂಗಾ. ವಿಂಡೋಸ್ 10ರಿಂದ ಹೊಸದಾಗಿ ಹಾಕಿದ ಮಷಿನ್‌ನಲ್ಲಿ ಅದು ತಾನಾಗಿ ಇರದೇ ಹೋಗಬಹುದು, ಐಚ್ಛಿಕ ಫಾಂಟ್‌ಗಳ ಪಟ್ಟಿಯಿಂದ ಇಳಿಸಿಕೊಳ್ಳಬೇಕು. ತುಂಗಭದ್ರೆಯ ನೀರು ಕುಡಿಯುವವರಿಗೆ ತುಂಗಾ ಕಾಣಲಿಲ್ಲ ಅಂದರೆ ಗಾಬರಿ ಬೇಡ.

ಎರಡನೆಯದು ಮಷಿನ್‌ಗೆ ಜೋತುಬಿದ್ದ ಸಾಮಾನು. ಹಳೇ ಪ್ರಿಂಟರ್, ಸ್ಕ್ಯಾನರ್, ಆಧಾರ್ ಕೆಲಸದ ಥಂಬ್ ಮಷಿನ್. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ, ಎಲ್ಲ 64 ಬಿಟ್. 32 ಬಿಟ್‌ಗೆ ಮಾತ್ರ ಡ್ರೈವರ್ ಇರುವ ಹಳೇ ಪ್ರಿಂಟರ್ ಅದರಲ್ಲಿ ಓಡುವುದಿಲ್ಲ. ಪ್ರಿಂಟರ್ ಕಂಪನಿಯ ಜಾಲತಾಣದಲ್ಲಿ ನಿಮ್ಮ ಮಾಡೆಲ್‌ಗೆ ಡ್ರೈವರ್ ಇದೆಯೇ ಅಂತ ನೋಡದೆ ಒತ್ತಬೇಡಿ. ಥಂಬ್ ಮಷಿನ್ ನಿಂತರೆ ಆ ದಿನದ ದುಡಿಮೆಯೂ ನಿಂತ ಹಾಗೆ, ಜೊತೆಗೆ ರೇಷನ್ ಕಾರ್ಡ್ ಇ-ಕೆವೈಸಿಗೆ ಹಳ್ಳಿಯಿಂದ ಬಸ್ಸಿಗೆ ದುಡ್ಡು ಕೊಟ್ಟು ಬಂದ ಮುದುಕಿಯೂ ವಾಪಸ್ ಹೋಗಬೇಕು.

ಮೂರನೆಯದರ ಬಗ್ಗೆ ಯಾರೂ ಮಾತಾಡುತ್ತಿಲ್ಲ, ನಮಗೆ ಇದೇ ಹೆಚ್ಚು ಭಯ. ವಿಂಡೋಸ್ 11ರ ಹೋಮ್ ಆವೃತ್ತಿ ಹೊಸದಾಗಿ ಹಾಕುವಾಗ ಇಂಟರ್‌ನೆಟ್ ಮತ್ತು ಮೈಕ್ರೋಸಾಫ್ಟ್ ಖಾತೆ ಕೇಳುತ್ತದೆ. ನಮ್ಮ ಹುಡುಗ ಮೆಕ್ಯಾನಿಕ್‌ಗಳು ಕೆಲಸ ಬೇಗ ಮುಗಿಯಲಿ ಅಂತ ತಮ್ಮದೇ ಖಾತೆ ಹಾಕಿಬಿಡುತ್ತಾರೆ. 24ಎಚ್‌2 ಆವೃತ್ತಿಯಿಂದ ಹೀಗೆ ಖಾತೆ ಹಾಕಿ ಹೊಸದಾಗಿ ಸೆಟಪ್ ಮಾಡಿದ ಬಹಳಷ್ಟು ಮಷಿನ್‌ಗಳಲ್ಲಿ ಡಿಸ್ಕಿಗೆ ತಾನಾಗಿ ಬೀಗ ಬೀಳುತ್ತದೆ. ಬೀಗದ ಕೀಲಿ, ಅಂದರೆ 48 ಅಂಕಿಯ ರಿಕವರಿ ಕೀ, ಆ ಖಾತೆಯಲ್ಲಿ ಕೂರುತ್ತದೆ. ಮುಂದೆ ಯಾವತ್ತೋ ಮಷಿನ್ ಆ ಕೀ ಕೇಳಿತು ಅನ್ನಿ. ಮೆಕ್ಯಾನಿಕ್ ಅಷ್ಟರಲ್ಲಿ ಬೆಂಗಳೂರಿಗೆ ಗುಳೇ ಹೋಗಿರುತ್ತಾನೆ, ನಂಬರ್ ಬದಲಾಗಿರುತ್ತದೆ. ನಿಮ್ಮ ಡಿಸ್ಕಿನ ಕೀಲಿ ಅವನ ಜೇಬಿನಲ್ಲಿ! ಹಾಗಾಗಿ ಖಾತೆ ನಿಮ್ಮದೇ ಇರಲಿ, ನಿಮ್ಮ ಫೋನ್ ನಂಬರ್ ಇರಲಿ, ಪಾಸ್‌ವರ್ಡ್ ಡೈರಿಯಲ್ಲಿ ಬರೆದಿಡಿ, ಆ 48 ಅಂಕಿಯನ್ನೂ ಬರೆದಿಡಿ.

ಇನ್ನು ಕರೆಂಟು ಮತ್ತು ನೆಟ್ಟು. ವಿಂಡೋಸ್ 11 ಇಳಿಸಲು ಹಲವು ಜಿಬಿ ಡೇಟಾ ಬೇಕು. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇಟ್ಟುಕೊಂಡವರಿಗೆ ಅದು ಎರಡು ಮೂರು ದಿನದ ಪ್ಯಾಕ್ ನುಂಗುತ್ತದೆ. ಹಾಟ್‌ಸ್ಪಾಟ್ ಬಳಸುವವರು ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ "ಮೀಟರ್ಡ್ ಕನೆಕ್ಷನ್" ಆನ್ ಮಾಡಿ, ದೊಡ್ಡ ಡೌನ್‌ಲೋಡ್ ತಾನಾಗಿ ಶುರುವಾಗುವುದು ಬಹುಮಟ್ಟಿಗೆ ತಪ್ಪುತ್ತದೆ. ನಡುವೆ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟರೆ ಅರ್ಧ ಬೆಂದ ಅನ್ನ. ಜುಲೈ ಕೊನೆಗೆ ಸಂರಕ್ಷಣೆ ಪೋರ್ಟಲ್‌ನಲ್ಲಿ ಬೆಳೆ ವಿಮೆ ತುಂಬಲು ಸಾಲು ನಿಂತಿರುವಾಗ, ಜೂನ್‌ನಲ್ಲಿ ಜಾತಿ-ಆದಾಯ ಪ್ರಮಾಣಪತ್ರಕ್ಕೆ ಮಕ್ಕಳು ಮುತ್ತಿರುವಾಗ ಇದಕ್ಕೆ ಕೈ ಹಾಕಬೇಡಿ. ಕೊನೇ ದಿನ ಅರ್ಜಿ ಹೋಗದಿದ್ದರೆ ವಿಮಾ ಕಂಪನಿ "ಅಪ್‌ಡೇಟ್ ಆಗ್ತಿತ್ತು" ಅನ್ನುವ ಕಾರಣ ಕೇಳುವುದಿಲ್ಲ.

ಹೊಸದು ಹಾಕಿದ ಕೂಡಲೇ ಎಲ್ಲ ಸರಿ ಅಂತಲೂ ತಿಳಿಯಬೇಡಿ. ವಿಂಡೋಸ್ 10ಕ್ಕೆ ವಿದಾಯ ಹೇಳಿದ ಅದೇ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 11ಕ್ಕೆ ಬಂದ ಅಪ್‌ಡೇಟ್‌ನಿಂದ, ರಿಪೇರಿ ಮಾಡುವ ರಿಕವರಿ ಪರದೆಯಲ್ಲಿ ಯುಎಸ್‌ಬಿ ಮೌಸ್, ಕೀಬೋರ್ಡ್ ಕೆಲಸ ಮಾಡದಂತಾಯಿತು. ಒಂದು ವಾರದೊಳಗೆ ಕಂಪನಿ ತುರ್ತು ತಿದ್ದುಪಡಿ ಬಿಟ್ಟಿತು. ಇಂಥದು ಆಗುತ್ತದೆ, ಅದಕ್ಕೇ ಬ್ಯಾಕಪ್. ಪೆನ್‌ಡ್ರೈವ್ ಸಾಲದು, ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇರಲಿ. ವಿಂಡೋಸ್ 10ರ ಮೇಲೆಯೇ 11 ಹಾಕಿದವರಿಗೆ ಒಗ್ಗದಿದ್ದರೆ 10 ದಿನದೊಳಗೆ ಹಿಂದಕ್ಕೆ ಹೋಗಲು ದಾರಿ ಇದೆ, ರಿಕವರಿ ಸೆಟ್ಟಿಂಗ್‌ನಲ್ಲಿ "ಗೋ ಬ್ಯಾಕ್". ಹನ್ನೊಂದನೇ ದಿನ ಬಂದು ನಮ್ಮನ್ನು ಕೇಳಬೇಡಿ.

ಒಗ್ಗದ ಮಷಿನ್ ಇದ್ದವರು ಏನು ಮಾಡಬೇಕು? ಮನೆಯ ಲ್ಯಾಪ್‌ಟಾಪ್ ಆದರೆ ಮೇಲೆ ಹೇಳಿದ ಇಎಸ್‌ಯುಗೆ ಈಗಲೇ ಸೇರಿಕೊಳ್ಳಿ. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ "ಎನ್‌ರೋಲ್" ಅಂತ ಕಾಣುತ್ತದೆ, 22ಎಚ್‌2 ಆವೃತ್ತಿ ಇರಬೇಕು. ಷರತ್ತು ಬೇಸರದ್ದೇ, ಆದರೂ ತೇಪೆ ಬರುತ್ತದೆ. ಬೈಪಾಸ್ ಮಾಡಿ ಹಳೇ ಮಷಿನ್‌ಗೂ 11 ಹಾಕಿಕೊಡುತ್ತೇವೆ ಅನ್ನುವವರಿದ್ದಾರೆ. ಹಾಕಬಹುದು, ಓಡಲೂಬಹುದು, ಆದರೆ ಅಂಥ ಮಷಿನ್‌ಗೆ ಅಪ್‌ಡೇಟ್ ಕೊಡುವ ಖಾತ್ರಿ ಇಲ್ಲ ಅಂತ ಕಂಪನಿಯೇ ಹೇಳಿದೆ. ಯಾವುದಕ್ಕಾಗಿ ಹೊರಟೆವೋ ಅದೇ ಸಿಗದಿದ್ದರೆ ಆ ಸರ್ಕಸ್ ಯಾಕೆ? ಕ್ರ್ಯಾಕ್ ವಿಂಡೋಸ್ ಬಗ್ಗೆಯೂ ಒಂದು ಮಾತು, ನಮ್ಮ ಕಡೆ ಅದು ಗುಟ್ಟೇನಲ್ಲ. ಕ್ರ್ಯಾಕ್ ಹಾಕುವ ಮುಂಚೆ ಆಂಟಿವೈರಸ್ ಆಫ್ ಮಾಡಿ ಅನ್ನುತ್ತದಲ್ಲ, ಕಳ್ಳ ಬರುವ ಮುಂಚೆ ನಾಯಿ ಕಟ್ಟಿಹಾಕಿ ಅಂದ ಹಾಗೆ ಅದು.

ಇನ್ನೊಂದು ದಾರಿ ಲಿನಕ್ಸ್. ಪುಕ್ಕಟೆ, ಹಳೇ ಮಷಿನ್‌ನಲ್ಲಿ ಓಡುತ್ತದೆ, ತೇಪೆ ಬರುತ್ತಲೇ ಇರುತ್ತದೆ. ನುಡಿಯಲ್ಲಿ ರೂಢಿಯಾದ ಕೆಜಿಪಿ ಕೀಲಿಮಣೆ ವಿನ್ಯಾಸವೇ ಅದರಲ್ಲೂ ಸಿಗುತ್ತದೆ, ಬರುವುದು ಯೂನಿಕೋಡ್ ಕನ್ನಡ. ಕೇರಳದ ಸರ್ಕಾರಿ ಶಾಲೆಗಳ ಲಕ್ಷಾಂತರ ಕಂಪ್ಯೂಟರ್‌ಗಳು ಹತ್ತಾರು ವರ್ಷದಿಂದ ಲಿನಕ್ಸ್ ಮೇಲೇ ನಡೆಯುತ್ತಿವೆ. ನಮ್ಮ ಹುಡುಗರಿಗೆ ಅದು ಆಗದ ಕೆಲಸವೇನಲ್ಲ. ಆದರೆ ಎಲ್ಲರಿಗೂ ಲಿನಕ್ಸ್ ಹಾಕಿಸಿ ಅಂತ ನಾವು ಹೇಳುವುದಿಲ್ಲ. ಪೇಜ್‌ಮೇಕರ್ ನಂಬಿಕೊಂಡ ಡಿಟಿಪಿ ಅಂಗಡಿಗೆ ಅದು ಆಗಿಬರುವುದಿಲ್ಲ. ಥಂಬ್ ಮಷಿನ್‌ನ ತಂತ್ರಾಂಶ ಹೆಚ್ಚಾಗಿ ವಿಂಡೋಸ್ ಮತ್ತು ಆಂಡ್ರಾಯ್ಡ್‌ಗೇ ಸಿಗುತ್ತದೆ. ಓದುವ ಮಕ್ಕಳ ಲ್ಯಾಪ್‌ಟಾಪ್, ಶಾಲೆ, ಗ್ರಂಥಾಲಯ, ಇವಕ್ಕೆ ಧಾರಾಳವಾಗಿ ಸಾಕು. ಲಿಂಗಸುಗೂರಿನ ಆ ಹುಡುಗಿಗೆ ನಾವು ಹೇಳಿದ್ದು ಇದನ್ನೇ, ಪೆನ್‌ಡ್ರೈವ್‌ನಿಂದ ಮೊದಲು ಓಡಿಸಿ ನೋಡು, ಹಿಡಿಸಿದರೆ ಹಾಕು ಅಂತ.

ಕೊನೆಯ ತಕರಾರು ಸರ್ಕಾರದ ಮೇಲೆ. 2015ರಲ್ಲೇ ಕೇಂದ್ರ ಸರ್ಕಾರ ತನ್ನ ಕಚೇರಿಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಅನ್ನುವ ನೀತಿ ಹೊರಡಿಸಿತು. ಹತ್ತು ವರ್ಷ ದಾಟಿದರೂ ಹಳ್ಳಿಯ ಆಪರೇಟರ್ ವಿಂಡೋಸ್ ಬಿಟ್ಟು ಕೆಲಸ ಮಾಡುವ ಸ್ಥಿತಿ ಇಲ್ಲ. ಡಿಜಿಟಲ್ ಸಹಿಯ ಡಾಂಗಲ್, ಬೆರಳಚ್ಚಿನ ತಂತ್ರಾಂಶ, ಹೀಗೆ ಒಂದೊಂದು ಕೊಂಡಿ ಹಾಕಿ ಒಂದೇ ಕಂಪನಿಯ ಕಂಬಕ್ಕೆ ಕಟ್ಟಿದ್ದಾರೆ. ಕಂಬ ಅಲುಗಾಡಿದಾಗ ಖರ್ಚು ಮಾತ್ರ ಆಪರೇಟರನದು. ಒಂದು ಪಹಣಿ, ಒಂದು ಅರ್ಜಿ ಅಂತ ಹತ್ತು ಇಪ್ಪತ್ತು ರೂಪಾಯಿ ಉಳಿಸಿಕೊಳ್ಳುವವನು ಮೂವತ್ತು ನಲವತ್ತು ಸಾವಿರದ ಹೊಸ ಮಷಿನ್ ಎಲ್ಲಿಂದ ತರಬೇಕು? ತಂದರೆ ಆ ಸಾಲ ತೀರಿಸುವುದು ಅಂತಿಮವಾಗಿ ಅರ್ಜಿ ತುಂಬಿಸಲು ಬಂದ ನೀವೇ. ಸರ್ಕಾರಿ ಸೇವೆ ಕೊಡುವ ಮಷಿನ್ ಬದಲಿಸಲೇಬೇಕಾದರೆ ಇಲಾಖೆ ದುಡ್ಡು ಕೊಡಲಿ. ಕೊಡಲಾಗದಿದ್ದರೆ ಪೋರ್ಟಲ್‌ಗಳು, ಥಂಬ್ ಮಷಿನ್‌ಗಳು ಲಿನಕ್ಸ್‌ನಲ್ಲೂ ನಡೆಯುವಂತೆ ಮಾಡಿಸಲಿ. ಪಂಚಾಯಿತಿ, ಶಾಲೆ, ಸೊಸೈಟಿಗಳ ಕಂಪ್ಯೂಟರ್‌ಗೆ ಈಗ ತೇಪೆ ಬರುತ್ತಿದೆಯೋ ಇಲ್ಲವೋ ಅಂತ ಗ್ರಾಮಸಭೆಯಲ್ಲಿ ಪಿಡಿಒ ಅವರನ್ನು ಕೇಳಿ. ಕೇಳುವುದಕ್ಕೆ ಕಂಪ್ಯೂಟರ್ ಬರಬೇಕಾಗಿಲ್ಲ. ಅದರಲ್ಲಿ ಇರುವುದು ನಿಮ್ಮದೇ ಕಾಗದಪತ್ರ.

ಡಬ್ಬಿ ಮತ್ತೆ ಮತ್ತೆ ಬಂದು ಕಾಡಿದರೆ, ಅಥವಾ ಸಿಸ್ಟಮ್ ಬಂದ್ ಆಗುತ್ತದೆ ಅಂತ ಸುಳ್ಳು ಹೇಳಿ ಯಾರಾದರೂ ಹೊಸ ಕಂಪ್ಯೂಟರ್ ಮಾರಿದರೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ಅದಕ್ಕೂ ಮೊದಲು ಪರದೆಯ ಒಂದು ಫೋಟೋ ಫೋನಿನಲ್ಲಿ ಹೊಡೆದಿಟ್ಟುಕೊಳ್ಳಿ, ತಾರೀಕು ಕಾಣುವ ಹಾಗೆ. ಮಷಿನ್ ಕೊಂಡಿದ್ದರೆ ಬಿಲ್ಲು ತೆಗೆದಿಡಿ.